ಸುಶೀಲೆಯ ಮೀಸೆ

ಪಂಪಣ್ಣ ಮಾಸ್ತರರ ಮೀಸೆಗೂ ಹತ್ತನೆಯ ತರಗತಿಯ ಹೊಳಿಯಪ್ಪನ ಗಂಟಲಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಹೈಸ್ಕೂಲಿನ ಗ್ಯಾದರಿಂಗಿನ ದಿನ ಬೆಳಿಗ್ಗೆ ಹೊಳಿಯಪ್ಪನ ಗಂಟಲು ಒಡೆಯಿತು, ಅದರಿಂದ ಮಾಸ್ತರರ ಮೀಸೆ ಹೋಯಿತು. ಮೀಸೆಯ ಹಿಂದೆ ಇನ್ನೂ ಏನೇನು ಹೋಯಿತು ಎಂಬುದೇ ಈ ಕತೆ.

ಊರು ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ದಂಡೆಗೆ ಹತ್ತಿಕೊಂಡಿತ್ತು. ಎಪ್ಪತ್ತೆಂಟನೆಯ ಇಸವಿ. ವರ್ಷಕ್ಕೊಮ್ಮೆ ಅಲ್ಲಿನ ಹೈಸ್ಕೂಲಿನಲ್ಲಿ ಗ್ಯಾದರಿಂಗ್ ಆಗುತ್ತಿತ್ತು. ಗ್ಯಾದರಿಂಗ್ ಅಂದರೆ ಹುಡುಗಿಯರ ಕೋಲಾಟ, ಹುಡುಗರ ಪಿರಮಿಡ್ಡು, ಪಂಚಾಯ್ತಿ ಚೇರ್ಮನ್ನರ ಭಾಷಣ, ಕೊನೆಗೆ ನಾಟಕ. ಈ ಸಲದ ನಾಟಕವನ್ನು ಹೆಡ್ ಮಾಸ್ತರ್ ಓಬಳೆಪ್ಪನವರೇ ಬರೆದಿದ್ದರು. ಹೆಸರು ‘ಸೊಸೆಯ ಸಹನೆ ಅರ್ಥಾತ್ ಅತ್ತೆಯ ಅರಿವು’. ಅದರಲ್ಲಿ ಸುಶೀಲೆ ಎಂಬ ಸೊಸೆ ಎರಡು ಅಂಕ ಬಿಟ್ಟೂಬಿಡದೆ ಅಳುತ್ತಾಳೆ, ಮೂರನೆಯ ಅಂಕದಲ್ಲಿ ಅತ್ತೆ ಅಳುತ್ತಾಳೆ. ಹಿಂದಿನ ವರ್ಷ ಕರೆಂಟನ್ನು ನಂಬಿ ಕೆಟ್ಟಿದ್ದರಿಂದ ಈ ವರ್ಷ ನಾಟಕ ಮಧ್ಯಾಹ್ನ ಮೂರಕ್ಕೇ ಇಟ್ಟಿದ್ದರು.

ಸುಶೀಲೆಯ ಪಾತ್ರ ಹೊಳಿಯಪ್ಪನದು. ಹುಡುಗಿಯರನ್ನು ಸ್ಟೇಜ್ ಹತ್ತಿಸಿದರೆ ಮರುದಿನ ಯಾವ ತಂದೆಯೂ ಮಗಳನ್ನು ಸಾಲಿಗೆ ಕಳಿಸುವುದಿಲ್ಲ ಎಂಬುದು ಓಬಳೆಪ್ಪನವರಿಗೆ ಗೊತ್ತಿತ್ತು. ಎರಡು ತಿಂಗಳು ತಾಲೀಮು ಮಾಡಿಸಿದ್ದರು. ಆದರೆ ಅವತ್ತು ಬೆಳಿಗ್ಗೆ ಹೊಳಿಯಪ್ಪ ಕೊನೆಯ ತಾಲೀಮಿಗೆ ಬಂದು "ಪ್ರಾಣನಾಥಾ" ಎಂದು ಬಾಯಿ ತೆರೆದರೆ ಖಾಲಿ ಡ್ರಮ್ಮು ಉರುಳಿಸಿದ ಸದ್ದು ಬಂತು. ಪ್ರಾಣನಾಥನ ಪಾತ್ರದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ.

"ಇಷ್ಟು ದಿನ ತಡದಿ, ಇನ್ನೊಂದು ದಿನ ತಡಿಯಾಕ ಆಗಲಿಲ್ಲೇನಲೇ ನಿನಗ" ಎಂದರು ಓಬಳೆಪ್ಪನವರು.

"ನಾ ಏನ್ ಮಾಡ್ಲಿ ಸರ್, ಅದs ಒಡೀತು" ಎಂದ ಹೊಳಿಯಪ್ಪ, ಅದೇ ಡ್ರಮ್ಮಿನ ದನಿಯಲ್ಲಿ.

ಓಬಳೆಪ್ಪನವರ ಕಣ್ಣು ಕೋಣೆಯ ತುಂಬ ತಿರುಗಿ, ಪರದೆಯ ಹಿಂದೆ ನಾಟಕದ ವಹಿ ಹಿಡಿದು ನಿಂತಿದ್ದ ವಿಜ್ಞಾನದ ಮಾಸ್ತರ್ ಪಂಪಣ್ಣನ ಮೇಲೆ ಬಂದು ನಿಂತಿತು. ಮಾತು ಮರೆತವರಿಗೆ ಹಿಂದಿನಿಂದ ಹೇಳಿಕೊಡುವುದು ಅವನ ಕೆಲಸ. ಮೂವತ್ತೊಂದು ವರ್ಷದ ಸಣಕಲ ಆಳು, ದನಿಯೂ ಸಣ್ಣದು. ಇಡೀ ನಾಟಕ ಬಾಯಿಪಾಠ.

"ಪಂಪಣ್ಣ, ನೀವs ಸುಶೀಲಾ."

"ಸರ್, ನನಗ ಮೀಸಿ ಅದಾವ್ರಿ."

"ಅವನ್ನ ತಗೀರಿ. ಮೀಸಿ ಇದ್ದ ಸೊಸಿನ್ನ ಯಾವ ಅತ್ತಿ ಒಪ್ತಾಳ?"

ಪಂಪಣ್ಣನ ಕೈ ತಾನಾಗಿ ಮೀಸೆಗೆ ಹೋಯಿತು. ಅದು ಬರೀ ಮೀಸೆಯ ಮಾತಾಗಿರಲಿಲ್ಲ. ಈವರೆಗೆ ಐದು ಕಡೆ ಹೆಣ್ಣು ನೋಡಿದ್ದ, ಐದೂ ಕಡೆಯವರು ಹುಡುಗ ಭಾಳ ಸಣಕಲು ಅಂದಿದ್ದರು. ಆರನೆಯದು ಕಾರಟಗಿಯ ಅಕ್ಕಿ ಗಿರಣಿಯ ಮೇಸ್ತ್ರಿ ವಿರುಪಣ್ಣನ ಮಗಳು ಹುಲಿಗೆಮ್ಮ. ಹೆಣ್ಣು ನೋಡಿ ಬಂದ ಮೂರು ದಿನಕ್ಕೆ ಅಲ್ಲಿಂದ ಸುದ್ದಿ ಬಂದಿತ್ತು: ಹುಡುಗಿಗೆ ಹುಡುಗನ ಮೀಸಿ ಮನಸಿಗೆ ಬಂದೈತಿ, ಯುಗಾದಿ ಆದ ಮ್ಯಾಲೆ ಮನಿ ನೋಡಾಕ ಬರ್ತೀವಿ. ಮೀಸೆಯೊಂದು ಅಂದಿದ್ದರು, ಬೇರೆ ಏನನ್ನೂ ಅಂದಿರಲಿಲ್ಲ. ಅವತ್ತಿನಿಂದ ಪಂಪಣ್ಣ ದಿನಾ ಎರಡು ಹೊತ್ತು ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ.

"ಯುಗಾದಿಗೆ ಇನ್ನ ಒಂದು ತಿಂಗಳು ಐತಿ" ಎಂದ ಡ್ರಿಲ್ ಮಾಸ್ತರ್ ನೂರಸಾಬ. "ಹದಿನೈದು ದಿನದಾಗ ಮೊದಲಿನಕಿಂತ ದಪ್ಪಗ ಬರ್ತಾವ ತಗೀರಿ."

ಹೆಡ್ ಮಾಸ್ತರರ ಮಾತು ಮೀರುವಂತಿರಲಿಲ್ಲ. ಪಂಪಣ್ಣ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತು ಮೇಲ್ತುಟಿ ತೋರಿಸಿದ. ಅಂಗಡಿಯವನು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟ.

"ಯಪ್ಪಾ, ಯಾವಾಗ ಹೋದ ನಿಮ್ಮಪ್ಪ? ನಿನ್ನೆ ಸಂಜಿಕ ಇಲ್ಲೇ ಹಾದು ಹೋದನಲ್ಲ."

"ಎಲ್ಲೂ ಹೋಗಿಲ್ಲೋ ಮಾರಾಯ. ಮನ್ಯಾಗ ಅದಾನ. ನೀ ಮೀಸಿ ತಗಿ."

"ಅಪ್ಪ ಗಟ್ಟಿ ಇದ್ದಾಗ ಮಗನ ಮೀಸಿ ತಗದ್ರ ನನ್ನ ಕೈಗೆ ಕೆಟ್ಟ ಹೆಸರು ಬರ್ತೈತ್ರಿ. ಏನರ ಹೆಚ್ಚುಕಡಿಮಿ ಆದ್ರ ಊರೆಲ್ಲ ನನ್ನ ಬೈತೈತಿ. ಬ್ಯಾರೆ ಎಲ್ಲೆರ ನೋಡಿಕೋರಿ."

ಆ ಸೀಮೆಯಲ್ಲಿ ಗಂಡಸು ಮೀಸೆ ತೆಗೆಸುವುದು ತಂದೆ ಸತ್ತಾಗ. ಬೇರೆ ಕಾರಣಕ್ಕೆ ತೆಗೆಸಿದವರನ್ನು ಅಂಗಡಿಯವನೂ ಕಂಡಿರಲಿಲ್ಲ, ಅವನ ಅಪ್ಪನೂ ಕಂಡಿರಲಿಲ್ಲ. ಪಂಪಣ್ಣ ತಿರುಗಿ ಸಾಲಿಗೆ ಬಂದ. ಕಡೆಗೆ ನೂರಸಾಬನೇ ವಿಜ್ಞಾನದ ಕೋಣೆಯಲ್ಲಿ, ಗಾಜಿನ ಬೀಕರಿನಲ್ಲಿ ನೀರಿಟ್ಟುಕೊಂಡು, ತನ್ನ ಬ್ಲೇಡಿನಿಂದ ಕೆಲಸ ಮುಗಿಸಿದ. ಪಂಪಣ್ಣ ಕನ್ನಡಿ ನೋಡಿಕೊಂಡು ಬೆಚ್ಚಿಬಿದ್ದ. ಒಳಗೆ ಯಾರೋ ಗುರುತಿಲ್ಲದವರು ಕೂತಿದ್ದರು.

"ಸುಶೀಲಾ ಯಾರು ಅಂತ ಪರದೆ ಏಳೋತನಕ ಯಾರಿಗೂ ಗೊತ್ತಾಗಬಾರ್ದು" ಎಂದು ಓಬಳೆಪ್ಪನವರು ತಾಕೀತು ಮಾಡಿದರು. "ಮನಿಗೆ ಹೋಗಿ ನಿಮ್ಮವ್ವಂದು ಒಂದು ಛಲೋ ಸೀರಿ ತರ್ರಿ. ಯಾರ ಕೂಡಾನೂ ಮಾತಾಡಬ್ಯಾಡ್ರಿ."

ಪಂಪಣ್ಣ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ತಲೆ ತಗ್ಗಿಸಿ, ಗೋಡೆ ಹಿಡಿದುಕೊಂಡೇ ಓಣಿಯಲ್ಲಿ ನಡೆದ. ಮನೆಯಲ್ಲಿ ಅವನ ಅಪ್ಪ ಗಾದಿಲಿಂಗಪ್ಪ ಮಲಗಿದ್ದ. ಅವನು ಕಾಲುವೆಯ ನೀರುಗಂಟಿ. ರಾತ್ರಿಯೆಲ್ಲ ಗದ್ದೆಗಳಿಗೆ ನೀರು ತಿರುಗಿಸಿ, ಬೆಳಿಗ್ಗೆ ಬಂದು ರೊಟ್ಟಿ ತಿಂದು, ನೊಣದ ಕಾಟಕ್ಕೆ ಕಂಬಳಿಯನ್ನು ಅಂಗಾಲಿನಿಂದ ನೆತ್ತಿಯವರೆಗೆ ಎಳೆದುಕೊಂಡು ಪಡಸಾಲೆಯ ನಡುವೆ ನೆಟ್ಟಗೆ ಮಲಗಿದನೆಂದರೆ ಸಂಜೆಯ ತನಕ ಮಿಸುಕುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಎಬ್ಬಿಸುವವರು ಇರಲಿಲ್ಲ.

ಪಂಪಣ್ಣ ಸದ್ದಿಲ್ಲದೆ ಟ್ರಂಕಿನಿಂದ ಸೀರೆ ತೆಗೆದು ಹೊರಗೆ ಬಂದರೆ ಕಟ್ಟೆಯ ಮೇಲೆ ಎದುರುಮನೆಯ ಮುದಕಮ್ಮ ಕೂತಿದ್ದಳು. ಆ ಓಣಿಯಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದನ್ನು ಅವಳು ತನ್ನ ಕಟ್ಟೆಯಿಂದಲೇ ಹೇಳುತ್ತಿದ್ದಳು.

"ಯಾಕಪಾ ಪಂಪಣ್ಣ, ಬಾಯಿ ಮುಚ್ಚಿಕೊಂಡೀಯಲ್ಲ?"

ಅವನು ಮಾತಾಡುವಂತಿರಲಿಲ್ಲ. ಸೀರೆ ಕಂಕುಳಲ್ಲಿ ಜಾರಿತು, ಅದನ್ನು ಹಿಡಿಯಲು ಹೋದಾಗ ಕರವಸ್ತ್ರ ಬಿದ್ದಿತು. ಮುದಕಮ್ಮನ ಕಣ್ಣು ಅವನ ಮೇಲ್ತುಟಿಯ ಮೇಲೆ ನಿಂತುಬಿಟ್ಟಿತು. ಅವನು ಕರವಸ್ತ್ರ ಎತ್ತಿಕೊಂಡು ಓಟ ಕಿತ್ತ.

ಮುದಕಮ್ಮ ನಿಧಾನಕ್ಕೆ ಎದ್ದು ಬಂದು ಬಾಗಿಲಲ್ಲಿ ಇಣುಕಿದಳು. ಪಡಸಾಲೆಯ ನಡುವೆ ಕಂಬಳಿ ಹೊದ್ದ ಆಳು ನೆಟ್ಟಗೆ ಮಲಗಿದೆ. ಇನ್ನೇನು ನೋಡುವುದು ಉಳಿದಿತ್ತು? ಹತ್ತಿರ ಹೋಗಿ ಮುಟ್ಟಿ ನೋಡಬಹುದಿತ್ತು, ಆದರೆ ಮುಟ್ಟಿದರೆ ಮೈಲಿಗೆ, ಮತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಅವತ್ತು ಅವಳದು ಎರೆದುಕೊಂಡು ಆಗಿತ್ತು. ಹೀಗಾಗಿ ಅವಳು ಬಾಗಿಲಿನಿಂದಲೇ ತಿರುಗಿ, ಓಣಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಮುಟ್ಟಿಸಿದಳು. ಇದೆಲ್ಲ ಪಂಪಣ್ಣನಿಗೆ ಆಮೇಲೆ ಗೊತ್ತಾಯಿತು. ಆಗ ಅವನು ಸಾಲಿಯಲ್ಲಿ ಸೀರೆಯ ನಿರಿಗೆ ಹಿಡಿಸಿಕೊಳ್ಳುತ್ತ ನಿಂತಿದ್ದ.

ಎರಡೂವರೆಗೆ ಊರೊಳಗಿನಿಂದ ಹಲಗೆಯ ಸದ್ದು ಕೇಳಿತು. ಓಬಳೆಪ್ಪನವರಿಗೆ ಹಿಗ್ಗೋ ಹಿಗ್ಗು.

"ಚೇರ್ಮನ್ನರು ಹಲಗಿ ಹಚ್ಚಿ ಮೆರವಣಿಗಿ ಮಾಡಿಕೊಂಡು ಬರಾಕ ಹತ್ಯಾರ ಕಾಣತೈತಿ" ಎಂದರು.

ಮೂರಕ್ಕೆ ನೋಡಿದರೆ ಚೇರ್ಮನ್ನರೂ ಇಲ್ಲ, ಮೆರವಣಿಗೆಯೂ ಇಲ್ಲ. ಮುಂದಿನ ಸಾಲಿನ ಕುರ್ಚಿಗಳು ಖಾಲಿ, ಹಿಂದೆ ಬರೀ ಹುಡುಗರು. ಆಗ ಸಾಲಿಯ ಜವಾನ ಅಬ್ದುಲಸಾಬ ಪರದೆಯ ಹಿಂದೆ ಬಂದು, ಸೀರೆ, ಬಳೆ, ಚೌರಿ, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ ಇಟ್ಟುಕೊಂಡು ನಿಂತಿದ್ದ ಪಂಪಣ್ಣನ ಕಿವಿಯಲ್ಲಿ ಹೇಳಿದ.

"ಸರ್, ಕಾರಟಗಿ ಬಸ್ಸಿಗೆ ನಿಮ್ಮ ಬೀಗರು ಬಂದಾರಂತ. ಹುಡುಗಿನೂ ಬಂದಾಳಂತ. ನಿಮ್ಮ ಮನಿ ಕಡೆ ಹೋದ್ರು."

"ಯುಗಾದಿಗೆ ಬರ್ತೀವಿ ಅಂದಿದ್ರಲ್ಲೋ."

"ನಾಟಕ ಐತಿ, ನೋಡಾಕ ಬರ್ರಿ ಅಂತ ನಿಮ್ಮಪ್ಪಾರs ಡ್ರೈವರ್ ಕೈಲೆ ಹೇಳಿ ಕಳಿಸಿದ್ರಂತಲ್ರಿ."

ಪಂಪಣ್ಣನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಯಾವ ಮೀಸೆಯನ್ನು ನೋಡಿ ಹುಡುಗಿ ಒಪ್ಪಿದಳೋ ಅದು ವಿಜ್ಞಾನದ ಕೋಣೆಯ ಬೀಕರಿನಲ್ಲಿ ತೇಲುತ್ತಿತ್ತು. ಅಪ್ಪನಿಗೆ ಹೇಳಿ ಕಳಿಸುವುದು ಗೊತ್ತಾಗಿತ್ತು, ಮಗನಿಗೆ ಒಂದು ಮಾತು ಹೇಳುವುದು ಗೊತ್ತಾಗಿರಲಿಲ್ಲ. ಓಡಿಹೋಗಲೇ ಎಂದು ಅತ್ತಿತ್ತ ನೋಡುವಷ್ಟರಲ್ಲಿ ಗಂಟೆ ಹೊಡೆಯಿತು, ಪರದೆ ಎದ್ದಿತು, ಓಬಳೆಪ್ಪನವರು ಬೆನ್ನಿಗೆ ಕೈಹಚ್ಚಿ ಅವನನ್ನು ಸ್ಟೇಜಿಗೆ ದಬ್ಬಿದರು.

"ಪ್ರಾಣನಾಥಾ, ನಾನೇನು ತಪ್ಪು ಮಾಡಿದೆ?" ಎಂದು ಪಂಪಣ್ಣ ಶುರು ಮಾಡಿದ. ಹುಡುಗರು ಯಾರೆಂದು ಗುರುತು ಹಿಡಿದು ಸೀಟಿ ಹೊಡೆದರು. ವಿಜ್ಞಾನದ ಮಾಸ್ತರ್ ಅಳುವುದನ್ನು ನೋಡುವ ಭಾಗ್ಯ ದಿನಾ ಸಿಗುವಂಥದಲ್ಲ.

ಮೊದಲನೆಯ ಅಂಕ ಅರ್ಧ ಆಗಿತ್ತು. ಅತ್ತೆಯ ಪಾತ್ರದ ಹುಡುಗ ಸುಶೀಲೆಯ ಜಡೆಗೆ ಕೈ ಹಾಕಿದ್ದ. ಅಷ್ಟರಲ್ಲಿ ಚೇರ್ಮನ್ನರು, ಹಿಂದೆ ನಾಲ್ಕು ಹಿರಿಯರು, ನೇರವಾಗಿ ಸ್ಟೇಜ್ ಹತ್ತಿದರು. ಹೂಮಾಲೆ ಹಾಕಲು ಬಂದರೆಂದು ತಿಳಿದು ಪಂಪಣ್ಣ ಕೈ ಮುಗಿದ.

"ನಾಚಿಕಿ ಆಗಬೇಕಲೇ ನಿನಗ" ಎಂದರು ಚೇರ್ಮನ್ನರು. "ಅಲ್ಲಿ ಅಪ್ಪನ ಹೆಣ ಬಿದ್ದೈತಿ. ಮೀಸಿ ತಗಿಸಿದಾಂವ ಬಂದು ಹೆಗಲು ಕೊಡೋದು ಬಿಟ್ಟು ಇಲ್ಲಿ ಸೀರಿ ಉಟ್ಟು ಕುಣಿಯಾಕ ಹತ್ತೀಯಲ್ಲ."

ಪಂಪಣ್ಣನಿಗೆ ಬೆಳಿಗ್ಗೆ ಕ್ಷೌರದ ಅಂಗಡಿಯವನು ಅಂದದ್ದು ನೆನಪಾಯಿತು. ಅಪ್ಪ ಬದುಕಿರುವಾಗ ಮೀಸೆ ತೆಗೆಸಿದೆ, ಅಪ್ಪ ಹೋದ. ಸೀರೆ ತರಲು ಹೋದಾಗ ಒಂದು ಸಲ ಕಂಬಳಿ ಸರಿಸಿ ಮುಖವನ್ನೂ ನೋಡಲಿಲ್ಲವಲ್ಲ. ಅವನು "ಯಪ್ಪಾ" ಎಂದು ಕೂಗಿ ಸ್ಟೇಜಿನಿಂದ ಹಾರಿದ. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ, ಚೌರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಳೆ ಗಲಗಲ ಎನ್ನಿಸುತ್ತ ಓಣಿ ಹಿಡಿದು ಓಡಿದ. ಹಿಂದೆ ಚೇರ್ಮನ್ನರು, ಹಿರಿಯರು, ಓಬಳೆಪ್ಪನವರು, ಅವರ ಹಿಂದೆ ಇಡೀ ಹೈಸ್ಕೂಲು ಓಡಿತು. ಮುಂದಿನ ಅಂಕ ಊರೊಳಗೆ ಇದೆಯೆಂದು ಸಣ್ಣ ಹುಡುಗರು ತಿಳಿದಿದ್ದರು.

ಮನೆಯ ಮುಂದೆ ಚಟ್ಟ ಕಟ್ಟಲು ಬಿದಿರು ಬಂದು ಬಿದ್ದಿತ್ತು. ಅಂಗಳದ ತುಂಬ ಜನ. ಮಗ ಬರದೆ ಹೆಣ ಮುಟ್ಟುವುದು ಬೇಡವೆಂದು ಯಾರೂ ಕಂಬಳಿ ಸರಿಸಿರಲಿಲ್ಲ. ಒಳಗಿನಿಂದ ಒಂದು ಹೆಣ್ಣಿನ ದನಿ ರಾಗವಾಗಿ ಕೇಳುತ್ತಿತ್ತು. ಆ ದನಿಯನ್ನು ಊರವರು ಹಿಂದೆಂದೂ ಕೇಳಿರಲಿಲ್ಲ. ಎಲ್ಲರೂ ಮಾತು ಬಿಟ್ಟು ಅದನ್ನೇ ಕೇಳುತ್ತಿದ್ದರು.

ಅಳುತ್ತಿದ್ದವಳು ದುರುಗವ್ವ, ಹುಲಿಗೆಮ್ಮನ ತಾಯಿಯ ಅಕ್ಕ. ಗಂಡ ಸತ್ತ ಹೆಣ್ಣುಮಗಳು, ತಂಗಿಯೂ ತೀರಿಕೊಂಡ ಮೇಲೆ ಹುಲಿಗೆಮ್ಮನನ್ನು ತಾನೇ ಸಾಕಿದ್ದಳು. ಮನೆ ನೋಡಲು ಬಂದವರು ಸಾವಿನ ಮನೆ ನೋಡಿ ಬಾಗಿಲಲ್ಲೇ ದಂಗಾಗಿ ನಿಂತಿದ್ದರು. ಅಷ್ಟರಲ್ಲಿ ಮುದಕಮ್ಮ, "ಮನ್ಯಾಗ ಕುಂತು ಅಳಾಕ ಒಂದು ಹೆಣ್ಣು ಇಲ್ಲ ನೋಡವ್ವ, ಹಾಡಿ ಅಳೋರಿಲ್ಲದ ಹೆಣ ಹೆಂಗ ಎತ್ತೋದು" ಅಂದಳಂತೆ. ದುರುಗವ್ವನ ಕರುಳು ಚುರುಕ್ಕೆಂದಿತು. ಹಾಡಿ ಅಳುವುದರಲ್ಲಿ ಕಾರಟಗಿಯಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ಸತ್ತವನ ಗುಣ ಏನೇನು ಎಂದು ಮುದಕಮ್ಮನನ್ನು ಕೇಳಿ ತಿಳಿದುಕೊಂಡು ಸೆರಗು ಹೊದ್ದು ಕೂತೇಬಿಟ್ಟಿದ್ದಳು.

"ನಡುರಾತ್ರ್ಯಾಗ ಎದ್ದು ನೀರು ತಿರುವಿದಿ, ಬಡವರ ಗದ್ದಿ ಒಣಗಾಕ ಬಿಡಲಿಲ್ಲ ನನ್ನಪ್ಪಾ. ಹುರಿಮೀಸಿ ಸರದಾರ, ಯಾರ ಮನಿ ಬಾಗಿಲಿಗೂ ಕೈ ಚಾಚಲಿಲ್ಲ ನನ್ನಪ್ಪಾ. ಬಿಸಿ ರೊಟ್ಟಿ ಬಡದು ಹಾಕೋರಿಲ್ಲದ ತಂಗಳ ತಿಂದು ಹೋದ್ಯಾ ನನ್ನಪ್ಪಾ."

ಸುತ್ತಲಿನ ಹೆಂಗಸರು ಮೂಗು ಒರೆಸಿಕೊಂಡರು. ಪಂಪಣ್ಣ ಜನರನ್ನು ಸೀಳಿಕೊಂಡು ಒಳಗೆ ನುಗ್ಗಿ, ಕಂಬಳಿಯ ಮೇಲೆ ದೊಪ್ಪನೆ ಬಿದ್ದು, "ಯಪ್ಪಾ, ನಾನs ಕೊಂದೆ ನಿನ್ನ" ಎಂದು ಗೋಳಾಡಿದ.

ಕಂಬಳಿಯೊಳಗಿನಿಂದ ಪಿಸುದನಿ ಬಂತು. "ಸುಮ್ನಿರಲೇ ಮಗನ. ಆಕಿ ಮುಗಸಲಿ."

ಪಂಪಣ್ಣ ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದ. ಗಾದಿಲಿಂಗಪ್ಪ ಇನ್ನು ಮಲಗಿ ಪ್ರಯೋಜನವಿಲ್ಲವೆಂದು ಕಂಬಳಿ ಸರಿಸಿ ಎದ್ದು ಕೂತ. ಪಡಸಾಲೆ ಒಂದು ಗಳಿಗೆಯಲ್ಲಿ ಖಾಲಿಯಾಯಿತು. ಚೇರ್ಮನ್ನರು ಹೊಸ್ತಿಲಲ್ಲಿ ಎಡವಿ ಬಿದ್ದರು, ಅವರನ್ನು ದಾಟಿಕೊಂಡು ಮುದಕಮ್ಮ ಹೋದಳು. ಕೂತ ಜಾಗ ಬಿಟ್ಟು ಅಲುಗದೆ ಇದ್ದವಳು ದುರುಗವ್ವ ಒಬ್ಬಳೇ.

"ನಾಚಿಕಿ ಇಲ್ಲೇನು ನಿನಗ?" ಎಂದಳು. "ಅರ್ಧ ತಾಸಾತು ನಾ ಗಂಟಲು ಹರಕೊಳ್ಳಾಕ ಹತ್ತಿ. ಬದುಕಿದಾಂವ ಒಂದು ಕೆಮ್ಮರ ಕೆಮ್ಮಬಾರ್ದಾ?"

"ಮೊದಲು ಮಗ್ಗಲ ಮನ್ಯಾಗ ಯಾರೋ ಸತ್ತಾರ ಅನಕೊಂಡೆ" ಎಂದ ಗಾದಿಲಿಂಗಪ್ಪ, ಮೀಸೆ ಸರಿಮಾಡಿಕೊಳ್ಳುತ್ತ. "ಆಮ್ಯಾಲೆ ನಂದs ವಿಚಾರ ಅಂತ ತಿಳೀತು. ಎದ್ರ ನೀ ನಿಲ್ಲಸತಿದ್ದಿ. ಪಂಪಣ್ಣನ ಅವ್ವ ಇಪ್ಪತ್ತಾರು ವರ್ಷ ಬಾಳಿವಿ ಮಾಡಿದ್ಲು, ಒಂದು ದಿನಾನೂ ನನ್ನ ಬಗ್ಗೆ ಇಷ್ಟು ಛಲೋ ಮಾತು ಆಡಲಿಲ್ಲ. ಹೆಂಗ ಏಳಲಿ?"

ದುರುಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ನಕ್ಕಂತೆ ಪಂಪಣ್ಣನಿಗೆ ಅನಿಸಿತು.

ನಡೆದದ್ದೆಲ್ಲ ಓಬಳೆಪ್ಪನವರ ಬಾಯಿಂದ ಬಿಚ್ಚಿಕೊಂಡ ಮೇಲೆ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಹಲಗೆಯವರು ಹಲಗೆ ಕಾಯಿಸುವುದನ್ನು ಬಿಟ್ಟು ಚಹಾಕ್ಕೆ ಕೂತರು. ಪಂಪಣ್ಣ ಸೀರೆಯಲ್ಲೇ ಮೂಲೆಯಲ್ಲಿ ಮುದುಡಿಕೊಂಡ. ಅವನಿಗೆ ಅಪ್ಪ ಬದುಕಿದ್ದಕ್ಕೆ ಆನಂದ, ಬೀಗರ ಮುಂದೆ ಹೀಗೆ ಕೂತದ್ದಕ್ಕೆ ಸತ್ತಷ್ಟು ಸಂಕಟ. ವಿರುಪಣ್ಣ ಅವನನ್ನೇ ದಿಟ್ಟಿಸುತ್ತಿದ್ದ. ಆರನೆಯದೂ ಹೋಯಿತು ಎಂದುಕೊಂಡ ಪಂಪಣ್ಣ.

"ಗಾದಿಲಿಂಗಪ್ಪಾ" ಎಂದ ವಿರುಪಣ್ಣ ಕೊನೆಗೆ, "ಹುಡುಗ ಮನಸಿಗೆ ಬಂದ. ಅಪ್ಪ ಸತ್ತಾನ ಅಂದ ಕೂಡಲೇ ಮೈಮ್ಯಾಲೆ ಏನೈತಿ ಅಂತ ನೋಡಲಿಲ್ಲ, ಓಡಿ ಬಂದ. ಕರುಳು ಇದ್ದ ಹುಡುಗ. ಮೀಸಿ ಇವತ್ತಿಲ್ಲದಿದ್ರ ನಾಳಿಗೆ ಬರ್ತಾವ."

ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಹುಲಿಗೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅದು ಬೇಡವೆನ್ನುವ ನಗುವಾಗಿರಲಿಲ್ಲ. ಪಂಪಣ್ಣನಿಗೆ ಹೋದ ಜೀವ ಬಂದಂತಾಯಿತು. ಬಳೆ ತೊಟ್ಟ ಕೈಯಿಂದಲೇ ಕಣ್ಣು ಒರೆಸಿಕೊಂಡ. ವಿರುಪಣ್ಣ ಚೀಲದಿಂದ ಎಲೆಯಡಿಕೆ ತೆಗೆದು ತಟ್ಟೆಗೆ ಹಾಕಿದ. ಅದು ಕೈಯಿಂದ ಕೈಗೆ ಬಿದ್ದರೆ ಮುಗಿಯಿತು, ನಾಲ್ಕು ಜನರ ಮುಂದೆ ಆದ ಮಾತು ತಿರುಗುವುದಿಲ್ಲ.

"ಒಂದು ಗಳಿಗಿ ತಡಿ" ಎಂದ ಗಾದಿಲಿಂಗಪ್ಪ. "ನಂದೂ ಒಂದು ಮಾತೈತಿ. ಈ ಹೆಣ್ಮಗಳು ಹಾಡಿದ್ದರಾಗ ಒಂದು ಮಾತು ನನ್ನ ಎದಿಗೆ ನಟ್ಟೈತಿ. ಬಿಸಿ ರೊಟ್ಟಿ ಬಡದು ಹಾಕೋರಿಲ್ಲ ಅಂದ್ಲು. ಖರೆ ಐತಿ. ನಮ್ಮಾಗ ಉಡಿಕಿ ನಡೀತೈತಿ, ನಿಮ್ಮಾಗೂ ನಡೀತೈತಿ. ದುರುಗವ್ವ ಹೂಂ ಅಂದ್ರ..."

ಚಹಾದ ಲೋಟಗಳು ಎಲ್ಲರ ಕೈಯಲ್ಲೂ ನಿಂತವು. ಉಡಿಕೆ, ಅಂದರೆ ಗಂಡ ಸತ್ತವಳ ಮರುಮದುವೆ, ಆ ಜನರಲ್ಲಿ ಹೊಸದೇನಲ್ಲ, ಆದರೆ ಬಿದಿರು ಬಂದು ಬಿದ್ದ ದಿನವೇ ಮದುವೆಯ ಮಾತು ಎತ್ತಿದ ಹೆಣವನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ದುರುಗವ್ವನ ಕಡೆ ನೋಡಿದರು. ಅವಳು ಹುಲಿಗೆಮ್ಮ ನಿಂತಿದ್ದ ಬಾಗಿಲ ಕಡೆ ನೋಡಿದಳು.

"ಹುಲಿಗೆಮ್ಮ ಗಂಡನ ಮನಿಗೆ ಹೋದ್ರ ನನಗರ ಅಲ್ಲಿ ಯಾರದಾರ" ಎಂದಳು. "ಸತ್ತಾಗ ಅಳೋದು ಹೆಂಗೂ ಮುಗಿಸೀನಿ. ಇನ್ನ ಬಾಳೋದಷ್ಟs ಉಳದೈತಿ."

ಪಡಸಾಲೆಯಲ್ಲಿ ನಗೆ ಎದ್ದಿತು. ಪಂಪಣ್ಣನೂ ನಕ್ಕ. ಮನೆಗೆ ಒಬ್ಬಳು ಹೆಣ್ಣು ಬರುವಳು, ತನ್ನದೂ ಆಗುವುದು, ಒಂದೇ ಹಂದರದಲ್ಲಿ ಎರಡು ಮದುವೆ ಎಂದು ಅವನ ಮನಸ್ಸು ಆಗಲೇ ಹಂದರದ ಗಳಕ್ಕೆ ಲೆಕ್ಕ ಹಾಕಿತು.

"ಹಿರಿಯಾರದ್ದು ಮೊದಲು ಆಗಲಿ" ಎಂದ ವಿರುಪಣ್ಣ. ಮಗನಿಗೆಂದು ತಂದ ಎಲೆಯಡಿಕೆಯನ್ನು ಚೇರ್ಮನ್ನರ ಸಮ್ಮುಖದಲ್ಲಿ ಅಪ್ಪನ ಕೈಗೆ ಹಾಕಿದ. ನೂರಸಾಬ ಚಪ್ಪಾಳೆ ತಟ್ಟಿದ. ಹಲಗೆಯವರು ಬಂದ ಕೆಲಸ ಪೂರ್ತಿ ಸುಳ್ಳಾಗದಿರಲೆಂದು ಎರಡೇಟು ಬಾರಿಸಿದರು.

ಮುದಕಮ್ಮ ಮಾತ್ರ ಬೆರಳು ಮಡಚುತ್ತ ಕೂತಿದ್ದಳು.

"ದುರುಗವ್ವ ಈ ಹುಡುಗಿಗೆ ಏನಾಗಬೇಕು?" ಎಂದು ಕೇಳಿದಳು.

"ಅವರವ್ವನ ಖಾಸಾ ಅಕ್ಕ" ಎಂದ ವಿರುಪಣ್ಣ.

"ಅಂದ್ರ ದೊಡ್ಡವ್ವ. ದೊಡ್ಡವ್ವನ ಗಂಡ ದೊಡ್ಡಪ್ಪ ಆದ. ದೊಡ್ಡಪ್ಪನ ಮಗ..."

ಮುಂದಿನ ಬೆರಳು ಮಡಚಲಿಲ್ಲ. ಹಲಗೆ ನಿಂತಿತು. ಎಲ್ಲರ ಕಣ್ಣೂ ಮೂಲೆಯಲ್ಲಿ ಸೀರೆ ಉಟ್ಟು ಕೂತಿದ್ದವನ ಕಡೆ ತಿರುಗಿದವು. ಪಂಪಣ್ಣ ಅಪ್ಪನನ್ನು ನೋಡಿದ. ಅಪ್ಪ ಎಲೆಯಡಿಕೆ ಬಾಯಿಗೆ ಹಾಕಿಕೊಂಡಾಗಿತ್ತು, ತುಟಿ ಕೆಂಪಗಾಗಿತ್ತು. ಮಗನ ಮುಖ ನೋಡಲಾರದೆ ಅವನು ತೊಲೆ ನೋಡಿದ.

"ಮಾವಾ..." ಎಂದ ಪಂಪಣ್ಣ, ಸುಶೀಲೆಯ ದನಿಗಿಂತಲೂ ಸಣ್ಣ ದನಿಯಲ್ಲಿ.

ವಿರುಪಣ್ಣ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಅವನಿಗೂ ಪಾಪ ಅನಿಸಿತ್ತು.

"ಇನ್ನ ಮಾವ ಅನಬ್ಯಾಡಪಾ, ಕಾಕಾ ಅನ್ನು. ಹೆಂಗೂ ನಾಕು ಊರು ತಿರುಗೋ ಮಾಸ್ತರ್ ನೀನು. ನಿನ್ನ ತಂಗಿಗೆ ಒಂದು ಛಲೋ ವರ ನೀನs ನೋಡಬೇಕು ನೋಡು."

ಆಗ ಅಡಿಗೆಮನೆಯ ಬಾಗಿಲ ಹಿಂದಿನಿಂದ ಹುಲಿಗೆಮ್ಮನ ದನಿ, ಅವತ್ತಿನ ಮಟ್ಟಿಗೆ ಮೊದಲ ಸಲ, ಮೆಲ್ಲಗೆ ಕೇಳಿತು.

"ಅಣ್ಣಾ, ಮೀಸಿ ಇದ್ದಾಂವ ಇರಲಿ."